ಒಬ್ಬಟ್ಟನ್ನು ಹಗಲಿನಲ್ಲಿ ಹಂಚಬೇಡಿ

ಪ್ರಶ್ನೆ: ನನಗೆ 27 ವರ್ಷ, ಸಾಗರ ತಾಲ್ಲೂಕಿನವಳು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ನಾಲ್ಕು ವರ್ಷ ಮಕ್ಕಳ ರಕ್ಷಣೆಯ ಯೋಜನೆಯೊಂದರಲ್ಲಿ ಕೆಲಸ ಮಾಡಿದ್ದೇನೆ. ಈಗ ಜೋರ್ಡಾನ್ ದೇಶದ ಅಮ್ಮಾನ್‌ನಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ದುಡಿಯಲು ಆಯ್ಕೆಯಾಗಿದ್ದೇನೆ. ಸಿರಿಯಾದಿಂದ ಬಂದ ನಿರಾಶ್ರಿತ ಕುಟುಂಬಗಳ ನಡುವೆ ಕೆಲಸ. ಅಮ್ಮ ಒಪ್ಪುತ್ತಿಲ್ಲ. ದೇವರ ಪಟ ಇಟ್ಟುಕೊಂಡರೆ ಜೈಲು, ಕುಂಕುಮ ಇಡುವಂತಿಲ್ಲ, ರಂಜಾನ್ ತಿಂಗಳಿಡೀ ಹಗಲು ನೀರೂ ಕುಡಿಯುವಂತಿಲ್ಲ ಎಂದು ನೆಂಟರು ಹೆದರಿಸಿದ್ದಾರೆ. ಗಲ್ಫ್‌ನಲ್ಲಿದ್ದು ಬಂದ ಸೋದರಮಾವ, ‘ಹಿಂದೂ ಎಂದು ಹೇಳಿಕೊಳ್ಳಲೇಬೇಡ’ ಎನ್ನುತ್ತಾರೆ. ನಾನು ಸಸ್ಯಾಹಾರಿ. ಗೌರಿ–ಗಣೇಶ, ದೀಪಾವಳಿ, ಯುಗಾದಿಗಳನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಅಲ್ಲಿ ಹಬ್ಬ ಮಾಡಬಹುದೇ? ರಜೆ ಸಿಗುತ್ತದೆಯೇ? ಅವರ ಹಬ್ಬಗಳಲ್ಲಿ ನಾನು ಹೇಗಿರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೇಶಗಳು ಕಲಸಿಹೋಗಿವೆ. ಒಂದು ನಿಮ್ಮ ಮಾವ ಕಂಡ ಗಲ್ಫ್, ಇನ್ನೊಂದು ನೆಂಟರು ಊಹೆಯಲ್ಲಿ ಕಟ್ಟಿದ ನಾಡು, ಮೂರನೆಯದು ನೀವು ನಿಜವಾಗಿ ಹೊರಟಿರುವ ಜೋರ್ಡಾನ್. ನಾನು ಅಮ್ಮಾನ್‌ನಲ್ಲಿ ಎರಡು ವರ್ಷ ಸ್ವಯಂಸೇವಕಿಯಾಗಿದ್ದೆ. ಮರಳಿದ ಮೇಲೆ ಹೀಗೆ ಹೊರಡುವವರಿಗೆ ತರಬೇತಿ ಕೊಡುತ್ತಿದ್ದೇನೆ. ಪ್ರತಿ ತಂಡದಲ್ಲಿಯೂ ಈ ಕಲಸುಮೇಲೋಗರವನ್ನು ಬಿಡಿಸುವುದೇ ಮೊದಲ ದಿನದ ಕೆಲಸ.

‘ಮುಸ್ಲಿಂ ದೇಶ’ ಎಂಬ ಒಂದೇ ಮೂಟೆ ಇಲ್ಲ. ಸೌದಿ ಅರೇಬಿಯಾದಲ್ಲಿ ಬೇರೆ ಧರ್ಮದವರ ಸಾರ್ವಜನಿಕ ಪೂಜೆಗೆ ಅವಕಾಶವಿಲ್ಲ. ನಿಮ್ಮ ಮಾವ ಅಲ್ಲಿದ್ದವರಾದರೆ ಅವರ ಎಚ್ಚರಿಕೆಗೆ ಕಾರಣವಿದೆ. ಆದರೆ ಅಲ್ಲಿಂದ ಸಮುದ್ರದ ಮೇಲಿನ ಸೇತುವೆ ದಾಟಿದರೆ ಸಿಗುವ ಬಹರೈನ್‌ನ ಮನಾಮಾದಲ್ಲಿ ಶ್ರೀನಾಥಜಿ ದೇವಸ್ಥಾನ ಇನ್ನೂರು ವರ್ಷಗಳಿಂದ ಇದೆ. ಅಬುಧಾಬಿಯಲ್ಲಿ 2024ರ ಫೆಬ್ರುವರಿಯಲ್ಲಿ ಕಲ್ಲಿನ ದೊಡ್ಡ ಮಂದಿರವೇ ಉದ್ಘಾಟನೆಯಾಯಿತು. ಮಲೇಷ್ಯಾದ ಹೆಚ್ಚಿನ ರಾಜ್ಯಗಳಲ್ಲಿ ದೀಪಾವಳಿ ಸರ್ಕಾರಿ ರಜೆ. ಇಂಡೊನೇಷ್ಯಾದಲ್ಲಂತೂ ಬಾಲಿಯ ಹಿಂದೂಗಳ ಹೊಸವರ್ಷ ‘ನ್ಯೆಪಿ’ಗೆ ದೇಶಕ್ಕೇ ರಜೆ. ಅವರು ಎಣಿಸುವುದೂ ನಮ್ಮ ಪಂಚಾಂಗದ ಅದೇ ಶಕವರ್ಷವನ್ನು.

ಇನ್ನು ಜೋರ್ಡಾನ್. ಅದು ಗಲ್ಫ್ ಅಲ್ಲ. ಸಂವಿಧಾನದ 2ನೆಯ ವಿಧಿ ಇಸ್ಲಾಂ ರಾಜ್ಯಧರ್ಮ ಎನ್ನುತ್ತದೆ. 14ನೆಯ ವಿಧಿ, ಸಾರ್ವಜನಿಕ ಶಿಸ್ತಿಗೆ ಧಕ್ಕೆಯಾಗದಂತೆ ತಮ್ಮ ತಮ್ಮ ಪೂಜಾವಿಧಿ ನಡೆಸುವ ಸ್ವಾತಂತ್ರ್ಯಕ್ಕೆ ರಕ್ಷಣೆ ಕೊಡುತ್ತದೆ. ತಲೆತಲಾಂತರದಿಂದ ನೆಲೆಸಿರುವ ಅರಬ್ ಕ್ರೈಸ್ತರು ಅಲ್ಲಿದ್ದಾರೆ. ಡಿಸೆಂಬರ್ 25 ಸರ್ಕಾರಿ ರಜೆ. ಮಸ್ಕತ್, ದುಬೈಗಳಲ್ಲಿರುವಂಥ ದೇವಸ್ಥಾನವನ್ನು ಮಾತ್ರ ಅಮ್ಮಾನ್‌ನಲ್ಲಿ ಹುಡುಕಬೇಡಿ. ನಿಮ್ಮ ಪೂಜೆ ನಿಮ್ಮ ಕೋಣೆಯೊಳಗಿನದು. ಅಂಗೈಯಗಲದ ಪಟ, ಪುಟ್ಟ ಹಿತ್ತಾಳೆ ದೀಪ, ಕುಂಕುಮದ ಭರಣಿ ನನ್ನ ಪೆಟ್ಟಿಗೆಯಲ್ಲಿ ಹೋದವು, ನನ್ನ ಜೊತೆಯಲ್ಲಿಯೇ ವಾಪಸು ಬಂದವು. ಹಣೆಯ ಕುಂಕುಮ ಕಂಡು ವಯಸ್ಸಾದ ಟ್ಯಾಕ್ಸಿ ಚಾಲಕರು ಅಮಿತಾಭ್ ಬಚ್ಚನ್ ಹೇಗಿದ್ದಾರೆ ಎಂದು ಕೇಳುತ್ತಾರೆ. ಅವರ ಮನೆಯ ಪಕ್ಕದಲ್ಲೇ ನೀವು ಇರುವುದೆಂದು ಅವರ ನಂಬಿಕೆ.

ಕಾನೂನಿನ ಭಯ ನಿಜವಾಗಿ ಇರಬೇಕಾದದ್ದು ದೇವರ ಪಟದ ಮೇಲಲ್ಲ, ಗಸಗಸೆಯ ಮೇಲೆ. ಪಾಯಸಕ್ಕೆಂದು ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಆ ಪೊಟ್ಟಣ ಯುಎಇ, ಸೌದಿ ಮೊದಲಾದ ಕೊಲ್ಲಿ ದೇಶಗಳಲ್ಲಿ ಮಾದಕ ವಸ್ತುಗಳ ಸಾಲಿನಲ್ಲಿದೆ. ಬೆಂಗಳೂರಿನಿಂದ ಅಮ್ಮಾನ್‌ಗೆ ಹೋಗುವವರು ಸಾಮಾನ್ಯವಾಗಿ ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸುತ್ತಾರೆ. ಗಸಗಸೆ ಬೆರೆಸಿದ ಮಸಾಲೆಪುಡಿಯೂ ಬೇಡ. ನೋವಿನ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಬೇವಿನ ಹೂವನ್ನು ಒಣಗಿಸಿ ಒಯ್ಯಿರಿ. ಅಮ್ಮಾನ್‌ನ ಚಳಿಯಲ್ಲಿ ಬೇವಿನ ಮರ ಹುಡುಕಿ ನಾನು ಸೋತಿದ್ದೇನೆ.

‘ಹಿಂದೂ ಎಂದು ಹೇಳಬೇಡ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ನಿಮ್ಮ ಧರ್ಮ ಯಾವುದು, ಮದುವೆಯಾಗಿದೆಯೇ, ಸಂಬಳವೆಷ್ಟು ಎಂದು ಪರಿಚಯವಾದ ಐದು ನಿಮಿಷಕ್ಕೇ ಕೇಳುತ್ತಾರೆ. ನಮ್ಮ ಬಸ್ಸುಗಳಲ್ಲಿ ಕೇಳುವ ಹಾಗೆಯೇ. ಕೆಡುಕಿನಿಂದ ಕೇಳುವುದಲ್ಲ. ಸುಳ್ಳು ಹೇಳಿದರೆ ಮುಂದಿನ ತಿಂಗಳು ನಿಮ್ಮ ಮನೆಗೆ ಬಂದವರು ದೇವರ ಪಟ ನೋಡುತ್ತಾರೆ. ಅವರಿಗೆ ನೋವಾಗುವುದು ಪಟದಿಂದಲ್ಲ, ಸುಳ್ಳಿನಿಂದ. ಒಂದು ಪದ ಮಾತ್ರ ಸರಿಯಾಗಿ ಕಲಿಯಿರಿ: ‘ಹಿಂದಿಯ್ಯ’ ಎಂದರೆ ಭಾರತೀಯಳು, ‘ಹಿಂದೂಸಿಯ್ಯ’ ಎಂದರೆ ಹಿಂದೂ. ಇದರ ಹಿಂದೆಯೇ ‘ನೀವು ಹಸುವನ್ನು ಪೂಜಿಸುತ್ತೀರಂತೆ?’ ಎಂಬ ಪ್ರಶ್ನೆ ಬರುತ್ತದೆ. ಬಲಿಪಾಡ್ಯಮಿಯ ದಿನ ಕೊಟ್ಟಿಗೆಯ ಹಸುವಿಗೆ ಸ್ನಾನ ಮಾಡಿಸಿ, ಹಾರ ಹಾಕಿ, ಬಾಳೆಲೆಯಲ್ಲಿ ತಿನ್ನಿಸುವುದನ್ನು ಹೇಳಿ. ಕುರಿ ಮೇಯಿಸಿದ ಮನೆತನದವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ದೇವರು ಒಬ್ಬನೇ ಅಥವಾ ಹಲವರೇ ಎಂಬ ವಾದಕ್ಕೆ ಮಾತ್ರ ಇಳಿಯಬೇಡಿ. ಮುಸ್ಲಿಮರನ್ನು ಬೇರೆ ಧರ್ಮಕ್ಕೆ ಸೆಳೆಯುವ ಪ್ರಯತ್ನದಂತೆ ಕಾಣುವ ಯಾವುದನ್ನೂ ಅಲ್ಲಿ ಸಹಿಸುವುದಿಲ್ಲ. ನೆರವು ಕೊಡುವ ಕೈಯಲ್ಲಿ ಧರ್ಮದ ಮಾತು ಇರಬಾರದೆಂಬುದು ನಿಮ್ಮ ಕೆಲಸದ ನಿಯಮವೂ ಹೌದು.

ಅವಮಾನ ಎದುರಾದರೆ ಅದು ಹೆಚ್ಚಾಗಿ ಧರ್ಮದ ದಾರಿಯಿಂದ ಬರುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅಮ್ಮಾನ್‌ನ ಮನೆಗೆಲಸಕ್ಕೆ ಶ್ರೀಲಂಕಾ, ಬಾಂಗ್ಲಾದೇಶ, ಫಿಲಿಪ್ಪೀನ್ಸ್‌ಗಳಿಂದ ಬಂದ ಹೆಂಗಸರು ಬಹಳ. ಕಂದು ಬಣ್ಣದ ಏಷ್ಯಾದ ಹುಡುಗಿಯೊಬ್ಬಳು ಮೆಟ್ಟಿಲಿಳಿಯುತ್ತಿದ್ದರೆ ‘ನಿಮ್ಮ ಮೇಡಂ ಇದ್ದಾರೆಯೇ?’ ಎಂದು ಕೇಳುವವರಿದ್ದಾರೆ. ನನ್ನನ್ನು ಕೇಳಿದ್ದಾರೆ. ‘ನನ್ನನ್ನೇನು ಭಾರತೀಯ ಎಂದುಕೊಂಡೆಯಾ?’ ಎಂದರೆ ಅರಬ್ಬರ ಆಡುಮಾತಿನಲ್ಲಿ ‘ನನ್ನನ್ನೇನು ಪೆದ್ದ ಎಂದುಕೊಂಡೆಯಾ?’ ಎಂದರ್ಥ. ಅದೇ ಜನ ಮುದ್ದಿನ ಮಗಳಿಗೆ ‘ಹಿಂದ್’ ಎಂದು ಹೆಸರಿಡುತ್ತಾರೆ. ಎರಡೂ ಕಿವಿಗೆ ಬೀಳುತ್ತವೆ, ಸಿದ್ಧರಾಗಿರಿ.

ರಂಜಾನ್ ಬಗ್ಗೆ ನೆಂಟರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಉಪವಾಸದ ಹೊತ್ತಿನಲ್ಲಿ ಬಹಿರಂಗವಾಗಿ ತಿನ್ನುವುದು ಜೋರ್ಡಾನ್‌ನ ದಂಡಸಂಹಿತೆಯ 274ನೆಯ ಕಲಮಿನ ಪ್ರಕಾರ ಅಪರಾಧ: ಒಂದು ತಿಂಗಳವರೆಗೆ ಸೆರೆ ಅಥವಾ 25 ದಿನಾರ್‌ವರೆಗೆ ದಂಡ. ರಸ್ತೆಯಲ್ಲಿ ಸಿಗರೇಟು, ನೀರಿನ ಬಾಟಲಿ, ಚೂಯಿಂಗ್ ಗಮ್ ಎಲ್ಲವೂ ಇದರಲ್ಲಿ ಬರುತ್ತವೆ. ನಾನು ಮುಸ್ಲಿಮಳಲ್ಲ ಎಂಬ ವಾದವನ್ನು ನಂಬಿಕೊಳ್ಳಬೇಡಿ. ಆದರೆ ಮುಚ್ಚಿದ ಬಾಗಿಲ ಹಿಂದೆ ನೀವು ಉಪವಾಸ ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಕಾಯಿಲೆಯವರು, ಪ್ರಯಾಣದಲ್ಲಿರುವವರು, ಮುಟ್ಟಾದವರು ಉಪವಾಸ ಮಾಡಬೇಕಾಗಿಲ್ಲವೆಂದು ಅವರ ಧರ್ಮವೇ ಹೇಳುತ್ತದೆ. ಹಾಗಾಗಿ ಕಚೇರಿಗಳಲ್ಲಿ ಸದ್ದಿಲ್ಲದೆ ನೀರು ಕುಡಿಯಲು ಒಂದು ಕೋಣೆ ಇದ್ದೇ ಇರುತ್ತದೆ. ಎಲ್ಲಿ ಎಂದು ಮಹಿಳಾ ಸಹೋದ್ಯೋಗಿಯನ್ನು ಕೇಳಿ.

ಕಷ್ಟ ನಿಮ್ಮ ಹಸಿವಿನದಲ್ಲ, ಇತರರ ದಣಿವಿನದು. ಸಭೆಗಳು ಜಾರುತ್ತವೆ, ಕೆಲಸದ ಹೊತ್ತು ಮೊಟಕಾಗುತ್ತದೆ, ಸಂಜೆ ಉಪವಾಸ ಬಿಡುವ ‘ಇಫ್ತಾರ್’ಗೆ ಮುಂಚಿನ ಅರ್ಧ ಗಂಟೆ ಊರೆಲ್ಲ ಮನೆಯ ಕಡೆಗೆ ಓಡುತ್ತದೆ. ಆ ಅರ್ಧ ಗಂಟೆ ರಸ್ತೆಯಲ್ಲಿರಬೇಡಿ. ಅಪಘಾತಗಳು ಆಗುವುದು ಆಗಲೇ, ಆಮೇಲೆ ಟ್ಯಾಕ್ಸಿಯೂ ಇಲ್ಲ. ಇಫ್ತಾರ್‌ಗೆ ಕರೆದರೆ ತಪ್ಪದೆ ಹೋಗಿ, ಹೊತ್ತಿಗೆ ಸರಿಯಾಗಿ ಹೋಗಿ. ನಮ್ಮ ಊಟದ ಕರೆಗೆ ಒಂದು ಗಂಟೆ ತಡವಾದರೆ ಎಲೆ ಕಾಯುತ್ತದೆ. ಅಲ್ಲಿ ಹದಿಮೂರು ಗಂಟೆ ಹಸಿದವರು ಖರ್ಜೂರ ಹಿಡಿದು ಕುಳಿತಿರುತ್ತಾರೆ. ಒಂದು ದಿನ ಅವರ ಜೊತೆ ಉಪವಾಸ ಮಾಡಿ ನೋಡುತ್ತೀರಾದರೆ ಮಾಡಿ, ಊರಿಗೆಲ್ಲ ಸಾರಬೇಡಿ.

ಸಸ್ಯಾಹಾರಿಗೆ ಅಲ್ಲಿ ತೊಂದರೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಡಲೆ ಅರೆದು ಮಾಡುವ ಹಮ್ಮಸ್, ಕಡಲೆಯ ವಡೆಯಂಥ ಫಲಾಫೆಲ್, ಅಕ್ಕಿ ಮತ್ತು ಚೆನ್ನಂಗಿಬೇಳೆಯ ‘ಮುಜದ್ದರ’, ಇವೆಲ್ಲ ಬೀದಿಬೀದಿಯಲ್ಲಿವೆ. ಆದರೆ ಇಫ್ತಾರ್‌ನ ಬೇಳೆ ಸೂಪಿಗೆ ಕೋಳಿಯ ಸಾರು ಬೀಳುವುದು ಸಾಮಾನ್ಯ, ಮತ್ತು ಗೌರವದ ಊಟವೆಂದರೆ ಕುರಿಮಾಂಸದ ‘ಮನ್ಸಫ್’. ‘ಅನಾ ನಬಾತಿಯ್ಯ’ (ನಾನು ಸಸ್ಯಾಹಾರಿ) ಎಂದರೆ ‘ಹಾಗಾದರೆ ಕೋಳಿ ತಿನ್ನುತ್ತೀಯಲ್ಲ’ ಎನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಪದ ‘ಸಿಯಾಮಿ’. ಅಲ್ಲಿನ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ವ್ರತದಲ್ಲಿ ಮಾಂಸ, ಹಾಲು, ಮೊಟ್ಟೆ ಬಿಟ್ಟು ತಿನ್ನುವ ಊಟ ಅದು. ಹೋಟೆಲಿನವರಿಗೂ ಮನೆಯವರಿಗೂ ತಟ್ಟನೆ ತಿಳಿಯುತ್ತದೆ, ಅದರ ಹಿಂದೆ ದೇವರಿದ್ದಾನೆಂಬ ಗೌರವವೂ ಸಿಗುತ್ತದೆ. ಮೀನು ಬರಬಹುದು, ಅದೊಂದನ್ನು ಬಾಯಿಬಿಟ್ಟು ಹೇಳಿ.

ಬಕ್ರೀದ್ ನಿಮಗೆ ಎಲ್ಲಕ್ಕಿಂತ ಕಠಿಣವಾದೀತು. ಹಬ್ಬಕ್ಕೆ ಮುಂಚೆ ರಸ್ತೆಬದಿಯಲ್ಲಿ ಕುರಿದೊಡ್ಡಿಗಳು ಏಳುತ್ತವೆ. ಹಬ್ಬದ ಬೆಳಿಗ್ಗೆ ಹೊರಗೆ ಹೋಗದಿದ್ದರೆ ಏನೂ ನಷ್ಟವಿಲ್ಲ. ಬಲಿಯ ಮಾಂಸವನ್ನು ಮೂರು ಪಾಲು ಮಾಡಿ ಮನೆಗೆ, ಬಂಧುಮಿತ್ರರಿಗೆ, ಬಡವರಿಗೆ ಕೊಡುವುದು ರೂಢಿ. ನೆರೆಯವರು ನಿಮಗೂ ಒಂದು ಪಾಲು ತಂದರೆ ಅದು ನಿಮ್ಮನ್ನು ಬಂಧುವಿನ ಸಾಲಿಗೆ ಸೇರಿಸಿದ ಗುರುತು. ಮುಖ ಸಿಂಡರಿಸಿ ಬಾಗಿಲು ಹಾಕಿದ ಸ್ವಯಂಸೇವಕಿಯೊಬ್ಬಳನ್ನು ಬಲ್ಲೆ; ಆ ಮಹಡಿಯಲ್ಲಿ ಅವಳೊಂದಿಗೆ ಮತ್ತೆ ಯಾರೂ ಮಾತನಾಡಲಿಲ್ಲ. ನಾನು ತೆಗೆದುಕೊಂಡು, ನಾನು ತಿನ್ನುವುದಿಲ್ಲ, ಕಟ್ಟಡ ಕಾಯುವ ‘ಹಾರಿಸ್’ನ ಮಕ್ಕಳಿಗೆ ಕೊಡಲೇ ಎಂದು ಅವರನ್ನೇ ಕೇಳಿದೆ. ಹಾರಿಸ್ ಈಜಿಪ್ಟಿನವನು, ಊರು ಬಿಟ್ಟು ಬಂದವನು. ಕೊಟ್ಟವರಿಗೂ ಪುಣ್ಯ, ನನಗೂ ಸಮಾಧಾನ. ಕೈಯಲ್ಲಿ ಹಿಡಿಯಲೂ ಆಗದು ಎನ್ನುವುದಾದರೆ ಆ ಎರಡು ದಿನ ಬಂಡೆಯಲ್ಲಿ ಕೊರೆದ ಹಳೆಯ ನಗರ ಪೆಟ್ರಾ ನೋಡಲು ಹೊರಡಿ. ಅದನ್ನು ಓಡಿಹೋಗುವುದು ಎಂದು ನಾನು ಕರೆಯುವುದಿಲ್ಲ.

ಈಗ ನಮ್ಮ ಹಬ್ಬಗಳು. ಮೊದಲು ಒಂದು ಪಂಚಾಂಗದ ಮಾತು. ಯುಗಾದಿ ಅಮಾವಾಸ್ಯೆಯ ಮಾರನೆಯ ದಿನ. ರಂಜಾನ್ ಹಬ್ಬ (ಈದ್) ಅಮಾವಾಸ್ಯೆ ಕಳೆದು ಎಳೆಚಂದ್ರ ಕಂಡ ಮರುದಿನ. ಹಾಗಾಗಿ ಒಂದೇ ಅಮಾವಾಸ್ಯೆಯ ಹಿಂದೆ ಎರಡೂ ಬಂದರೆ ಅಕ್ಕಪಕ್ಕ ಕೂರುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9, ಈದ್ ಏಪ್ರಿಲ್ 10. 2025ರಲ್ಲಿ ಯುಗಾದಿ ಮಾರ್ಚ್ 30, ಜೋರ್ಡಾನ್‌ನಲ್ಲಿ ಈದ್ ಮಾರ್ಚ್ 31. 2026ರಲ್ಲಿಯೂ ಎರಡೂ ಮಗ್ಗುಲಲ್ಲೇ. ಆಮೇಲೆ ಬೇರೆಯಾಗುತ್ತವೆ. ಚಾಂದ್ರಮಾನದ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ನಾವು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ಲೆಕ್ಕ ಸರಿಮಾಡಿಕೊಳ್ಳುತ್ತೇವೆ. ಹಿಜರಿ ಪಂಚಾಂಗದಲ್ಲಿ ಅಧಿಕಮಾಸವಿಲ್ಲ, ಅವರ ಹಬ್ಬಗಳು ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2026ರ ಅಧಿಕ ಜ್ಯೇಷ್ಠ ಬಂದದ್ದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ, ಈದ್ ಮಾರ್ಚ್ ಎರಡನೆಯ ವಾರದಲ್ಲೇ ಮುಗಿದಿರುತ್ತದೆ. ಅಮ್ಮನಿಗೆ ಇದನ್ನು ವಿವರಿಸಿ. ಪಂಚಾಂಗ ನೋಡುವ ಮನೆಯಲ್ಲಿ ಈ ಮಾತಿಗೆ ಕಿವಿ ತೆರೆಯುತ್ತದೆ.

2025ರ ಯುಗಾದಿ ಅಲ್ಲಿ ಕೊನೆಯ ಉಪವಾಸದ ದಿನ. ಆಗ ಅಮ್ಮಾನ್‌ನಲ್ಲಿದ್ದ, ನಾನು ತರಬೇತಿ ಕೊಟ್ಟ ಹುಡುಗನೊಬ್ಬ ಬೆಳಿಗ್ಗೆ ಹತ್ತಕ್ಕೇ ಬಿಸಿ ಒಬ್ಬಟ್ಟಿನ ಡಬ್ಬಿ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದ. ಯಾರೂ ಬೈಯಲಿಲ್ಲ. ಡಬ್ಬಿ ತೆಗೆದುಕೊಂಡ ಅಜ್ಜಿಯ ಮೂಗಿಗೆ ತುಪ್ಪದ ವಾಸನೆ, ಹೊಟ್ಟೆಯಲ್ಲಿ ಉಪವಾಸ. ಅವನಿಗೆ ಹೊಳೆದದ್ದು ಸಂಜೆಗೆ. ಒಬ್ಬಟ್ಟನ್ನು ಹಗಲಿನಲ್ಲಿ ಹಂಚಬೇಡಿ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಕಳಿಸಿ, ಇಫ್ತಾರ್‌ನ ಮೇಜಿನ ಮೇಲೆ ಅದು ಕೂರುತ್ತದೆ. ಕಡಲೆ ಅಲ್ಲಿ ಬೇಕಾದಷ್ಟು, ಹೂರಣಕ್ಕೆ ಚಿಂತೆಯಿಲ್ಲ. ಬೆಲ್ಲ ಸಿಗದಿದ್ದರೆ ‘ದಿಬ್ಸ್’ ಎಂಬ ಖರ್ಜೂರದ ಪಾಕ ಹಾಕಿ, ಹೂರಣ ಕಪ್ಪಾಗುತ್ತದೆ, ರುಚಿ ಕೆಡುವುದಿಲ್ಲ. ಬದಲಿಗೆ ನಿಮಗೆ ಖರ್ಜೂರ ತುಂಬಿದ ‘ಮಾಮೂಲ್’ ಬರುತ್ತದೆ. ಅದು ನಮ್ಮ ಕಚೇರಿಗಳ ‘ಮಾಮೂಲು’ ಪದವೇ, ಅರಬ್ಬಿಯಿಂದ ಬಂದದ್ದು. ಅಲ್ಲಿ ಮಾತ್ರ ಅದನ್ನು ಮುಜುಗರವಿಲ್ಲದೆ ಎಲ್ಲರ ಎದುರಿಗೆ ಸ್ವೀಕರಿಸಬಹುದು.

ಹಂಚುವಾಗ ಇನ್ನೊಂದು ಸೂಕ್ಷ್ಮವಿದೆ. ದೇವರಿಗೆ ನೈವೇದ್ಯ ಮಾಡಿದ್ದನ್ನು ತಿನ್ನಬಾರದೆಂದು ನಂಬುವ ಮುಸ್ಲಿಮರು ಅನೇಕರು. ಹೇಳದೆ ಪ್ರಸಾದ ತಿನ್ನಿಸಿ, ಆಮೇಲೆ ನಗುವುದನ್ನು ನಾನು ಕಂಡಿದ್ದೇನೆ. ಸಸ್ಯಾಹಾರಿಗೆ ಹೇಳದೆ ಕೋಳಿಸಾರು ಬಡಿಸಿದ್ದಕ್ಕಿಂತ ಅದು ಬೇರೆಯಲ್ಲ. ಹಂಚುವ ಪಾಲನ್ನು ನೈವೇದ್ಯಕ್ಕೆ ಮುಂಚೆಯೇ ತೆಗೆದಿಡಿ. ‘ಇದು ಪೂಜೆಗೆ ಇಟ್ಟದ್ದಲ್ಲ’ ಎಂದು ನೀವಾಗಿಯೇ ಹೇಳಿ. ನಿಮ್ಮ ಬಗೆಗಿನ ನಂಬಿಕೆ ಆ ಒಂದು ವಾಕ್ಯದಿಂದ ಬೆಳೆಯುವಷ್ಟು ಇನ್ನಾವುದರಿಂದಲೂ ಬೆಳೆಯುವುದಿಲ್ಲ.

ರಂಗೋಲಿ ಬಿಡಿಸಿ, ಹೊಸ್ತಿಲ ಒಳಗೆ. ಸ್ವಸ್ತಿಕ ಮಾತ್ರ ಬೇಡ. ನನ್ನ ಸ್ವಸ್ತಿಕ ನೋಡಿ ಬೆಚ್ಚಿದವರು ಮುಸ್ಲಿಮರಲ್ಲ, ಯುರೋಪಿನಿಂದ ಬಂದಿದ್ದ ನಮ್ಮದೇ ತಂಡದ ಇಬ್ಬರು. ವಿವರಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ದೀಪಾವಳಿಗೆ ಹಣತೆ ಧಾರಾಳವಾಗಿ ಹಚ್ಚಿ, ಆದರೆ ನವೆಂಬರಿಗೆ ಅಲ್ಲಿ ಕೋಣೆಯೊಳಗೆ ಗ್ಯಾಸ್ ಹೀಟರ್ ಉರಿಯತೊಡಗಿರುತ್ತದೆ, ಅದರ ಹತ್ತಿರ ಬೇಡ. ಪಟಾಕಿ ಖಂಡಿತ ಬೇಡ. ಮದುವೆಗೆ, ಹನ್ನೆರಡನೆಯ ತರಗತಿಯ ‘ತೌಜೀಹಿ’ ಫಲಿತಾಂಶಕ್ಕೆ ಊರಿನವರು ಹೊಡೆಯುತ್ತಾರೆ ನಿಜ. ನಿಮ್ಮ ಕಟ್ಟಡದಲ್ಲಿ ಸಿರಿಯಾದ ದರಾ, ಹೋಮ್ಸ್ ಊರುಗಳಿಂದ ಬಾಂಬಿನಡಿ ಓಡಿಬಂದ ಮಕ್ಕಳಿರುತ್ತಾರೆ. ಒಂದು ಲಕ್ಷ್ಮೀ ಪಟಾಕಿಗೆ ಮೇಜಿನ ಕೆಳಗೆ ನುಗ್ಗಿದ ಹುಡುಗನನ್ನು ಹೊರಗೆ ಕರೆಯಲು ಎಷ್ಟು ಹೊತ್ತು ಬೇಕು ಎಂಬುದು ಮಕ್ಕಳ ರಕ್ಷಣೆಯಲ್ಲಿ ದುಡಿದ ನಿಮಗೆ ಗೊತ್ತು. ಊರಿನ ಮನಸ್ಸನ್ನೂ ನೋಡಿಕೊಳ್ಳಬೇಕು. ಜೋರ್ಡಾನ್‌ನಲ್ಲಿ ಪ್ಯಾಲೆಸ್ತೀನ್ ಮೂಲದವರು ಬಹಳ. 2023ರಲ್ಲಿ ಗಾಜಾದ ಸಾವುಗಳ ದುಃಖಕ್ಕೆ ಅಲ್ಲಿನ ಚರ್ಚುಗಳೇ ಕ್ರಿಸ್ಮಸ್ ಸಂಭ್ರಮವನ್ನು ಕೈಬಿಟ್ಟು ಪ್ರಾರ್ಥನೆಗಷ್ಟೇ ನಿಂತವು. ಅಂಥ ದಿನಗಳಲ್ಲಿ ದೀಪ ಇರಲಿ, ಹಾಡು ತಗ್ಗಲಿ. ಹಬ್ಬದ ಚಿತ್ರಗಳನ್ನು ಜಾಲತಾಣಕ್ಕೆ ಹಾಕುವಾಗಲೂ ಅಷ್ಟೇ. 2023ರಲ್ಲಿ ಬಂದ ಸೈಬರ್ ಅಪರಾಧ ಕಾನೂನು ಬಿಗಿಯಾಗಿದೆ. ಧರ್ಮದ ಬಗ್ಗೆ ಊರಿನ ವಾಟ್ಸ್ಆ್ಯಪ್ ಗುಂಪಿನಿಂದ ಬಂದದ್ದನ್ನು ಮುಂದಕ್ಕೆ ತಳ್ಳುವ ಅಭ್ಯಾಸವಿದ್ದರೆ ವಿಮಾನ ಹತ್ತುವ ಮುಂಚೆ ಬಿಟ್ಟುಬಿಡಿ. 2020ರಲ್ಲಿ ಯುಎಇಯಲ್ಲಿ ಇಂಥ ಬರಹಗಳಿಗಾಗಿ ಭಾರತೀಯರು ಕೆಲಸ ಕಳೆದುಕೊಂಡರು.

ರಜೆಯ ಪ್ರಶ್ನೆಗೆ ಚಿಕ್ಕ ಉತ್ತರ. ವಾರದ ರಜೆ ಶುಕ್ರವಾರ ಮತ್ತು ಶನಿವಾರ; ಭಾನುವಾರ ಕೆಲಸ. ಎರಡೂ ಈದ್‌ಗಳಿಗೆ ರಜೆ ಉಂಟು, ದೀಪಾವಳಿಗೆ ನಿಮ್ಮ ಖಾತೆಯಿಂದಲೇ ತೆಗೆಯಬೇಕು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2014ರಲ್ಲಿ ದೀಪಾವಳಿಯ ಮಹತ್ವವನ್ನು ಮನ್ನಿಸಿದ್ದು ಹೌದು, ಅಷ್ಟಕ್ಕೇ ನಿಮ್ಮ ಕಚೇರಿ ಮುಚ್ಚುವುದಿಲ್ಲ. ಒಂದು ಉಪಾಯ: ಕ್ರಿಸ್ಮಸ್‌ನಲ್ಲೂ ಈದ್‌ನಲ್ಲೂ ತುರ್ತು ಕರೆಗೆ ಒಬ್ಬರು ಬೇಕಾಗುತ್ತದೆ. ಆ ಪಾಳಿಯನ್ನು ನೀವಾಗಿ ವಹಿಸಿಕೊಳ್ಳಿ. ದೀಪಾವಳಿಗೆ ರಜೆ ಕೇಳಿದಾಗ ಯಾರೂ ಹುಬ್ಬೇರಿಸುವುದಿಲ್ಲ.

ನಿಮ್ಮ ಪತ್ರದಲ್ಲಿಲ್ಲದ ಒಂದು ಅಪಾಯ ಹೇಳಿಬಿಡುತ್ತೇನೆ. ನಿಮ್ಮನ್ನು ಆರಿಸಿದ ಸಂಸ್ಥೆ ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ ಎಂದರೆ ಹೊರಡಬೇಡಿ. ವಾಸದ ಪರವಾನಗಿ, ವಿಮೆ, ಶಿಬಿರದೊಳಗೆ ಹೋಗುವ ಅನುಮತಿ ಯಾರು ಮಾಡಿಸುತ್ತಾರೆ ಎಂಬುದು ಬರಹದಲ್ಲಿರಬೇಕು. ದೇವರ ಪಟದಿಂದ ತೊಂದರೆಗೆ ಸಿಕ್ಕ ಸ್ವಯಂಸೇವಕರನ್ನು ನಾನು ಕಂಡಿಲ್ಲ, ಕಾಗದವಿಲ್ಲದೆ ಸಿಕ್ಕವರನ್ನು ಕಂಡಿದ್ದೇನೆ.

ನನ್ನ ಮೊದಲ ದೀಪಾವಳಿಯ ಚತುರ್ದಶಿ ಮಂಗಳವಾರ ಬಂದಿತ್ತು. 2015ರ ನವೆಂಬರ್ 10. ಯಾರೂ ಏನನ್ನೂ ತಡೆಯಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಬೆಳಿಗ್ಗೆ ಸಭೆ, ಮಧ್ಯಾಹ್ನ ಮನೆಭೇಟಿ, ಸಂಜೆ ಬಂದು ಅಳುತ್ತಾ ಬ್ರೆಡ್ಡು ತಿಂದೆ. ನಿಷೇಧಕ್ಕಿಂತ ಇದು ಹೆಚ್ಚು ನೋಯಿಸುತ್ತದೆ. ಮುಂದಿನ ವರ್ಷ ಒಂದು ವಾರ ಮುಂಚೆಯೇ ಆರು ಜನರನ್ನು ಕರೆದಿದ್ದೆ. ಅಮ್ಮಾನ್‌ನ ಮನೆಗಳಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬಂದು ತಾರಸಿಯ ತೊಟ್ಟಿ ತುಂಬುತ್ತದೆ. ನಮ್ಮಲ್ಲಿ ಇದಕ್ಕೇ ನೀರು ತುಂಬುವ ಹಬ್ಬವೆಂದು ಒಂದು ದಿನವಿದೆ ಎಂದಾಗ ಮೇಲಿನ ಮನೆಯಾಕೆ, ‘ಹಾಗಾದರೆ ನಾವು ವಾರವಾರ ಆಚರಿಸುತ್ತೇವೆ’ ಎಂದು ನಕ್ಕಳು. ಹೊರಡುವಾಗ ‘ಕುಲ್ ಸನೆ ವ ಇಂತಿ ಸಾಲ್ಮೆ’ ಎಂದಳು, ವರ್ಷವರ್ಷವೂ ಕ್ಷೇಮವಾಗಿರು. ಈದ್‌ಗೂ ಕ್ರಿಸ್ಮಸ್‌ಗೂ ಹುಟ್ಟುಹಬ್ಬಕ್ಕೂ ಅವರು ಹೇಳುವುದು ಅದನ್ನೇ. ‘ವ ಇಂತಿ ಸಾಲ್ಮೆ’ ಎಂದು ಮರುನುಡಿಯಿರಿ.

ಅಮ್ಮನಿಗೆ ಒಂದು ಲೆಕ್ಕ ಹೇಳಿ. 2022ರಿಂದ ಜೋರ್ಡಾನ್ ಗಡಿಯಾರವನ್ನು ಹಿಂದೆ ಮುಂದೆ ಮಾಡುವುದನ್ನು ನಿಲ್ಲಿಸಿದೆ. ವರ್ಷವಿಡೀ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರು ಸಾಗರದಲ್ಲಿ ಆರೂವರೆಗೆ ದೀಪ ಹಚ್ಚುವಾಗ ನಿಮ್ಮಲ್ಲಿ ನಾಲ್ಕು ಗಂಟೆ, ಹೊರಗೆ ಇನ್ನೂ ಬಿಸಿಲು. ಅವರ ಜೊತೆಗೇ ಹಚ್ಚಬೇಕೆಂದರೆ ಆ ದಿನ ಅರ್ಧ ದಿನದ ರಜೆ ಸಾಕಾಗುತ್ತದೆ.